ಭೂಗತ ಗಣಿಗೆ ಬ್ಯಾಟರಿ ಟ್ರಕ್: ಏರಿನ ಲೆಕ್ಕದಿಂದ ಬೆಂಕಿಯ ಸಿದ್ಧತೆಯವರೆಗೆ

ಬ್ಯಾಟರಿ ಟ್ರಕ್ ಕೊಳ್ಳಲು ಹೊರಟ ಗಣಿಯವರು ಮಾರಾಟಗಾರರನ್ನು ಸಾಮಾನ್ಯವಾಗಿ ಮೊದಲು ಕೇಳುವುದು, ಒಂದು ಚಾರ್ಜಿಗೆ ಅದು ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು. ರಸ್ತೆಯ ಕಾರಿಗೆ ಒಪ್ಪುವ ಈ ಪ್ರಶ್ನೆಯಿಂದ ಭೂಗತ ಗಣಿಯಲ್ಲಿ ಹೆಚ್ಚೇನೂ ತಿಳಿಯುವುದಿಲ್ಲ. ತುಂಬಿದ ಟ್ರಕ್ ಎಷ್ಟು ಮೀಟರ್ ಎತ್ತರ ಏರಬೇಕು, ಖಾಲಿ ಟ್ರಕ್ ಅಷ್ಟೇ ಎತ್ತರ ಇಳಿದು ಬರುವಾಗ ಬ್ಯಾಟರಿಯಲ್ಲಿ ಜಾಗ ಉಳಿದಿರುತ್ತದೆಯೇ, ಚಾರ್ಜರ್ ಆ ದಾರಿಯಲ್ಲಿ ಎಲ್ಲಿರುತ್ತದೆ ಎಂಬ ಮೂರು ಸಂಗತಿಗಳನ್ನು ಅಲ್ಲಿ ಮೊದಲು ಗೊತ್ತುಮಾಡಿಕೊಳ್ಳಬೇಕು. ಟ್ರಕ್ಕಿನ ಗಾತ್ರ, ವಿದ್ಯುತ್ ಪೂರೈಕೆ, ಗಾಳಿಯ ಹರಿವು, ಚಾಲಕರ ಪಾಳಿ ಎಲ್ಲವೂ ಈ ಏರಿಳಿತದ ಲೆಕ್ಕದ ಬೆನ್ನಿಗೆ ಬರುತ್ತವೆ. ಲೆಕ್ಕ ಮಾಡದೆ ಯಂತ್ರ ತಂದ ಗಣಿಯಲ್ಲಿ ಕೋಟಿಗಟ್ಟಲೆ ಬೆಲೆಯ ಟ್ರಕ್ ಅದಿರು ಹೊರುವ ಹೊತ್ತಿನಲ್ಲಿ ಚಾರ್ಜರ್ ಮುಂದೆ ಸರದಿ ಕಾಯುತ್ತದೆ.

ಇಲ್ಲಿ ಹೇಳುವುದೆಲ್ಲ ಲೋಹದ ಅದಿರಿನ ಭೂಗತ ಗಣಿಗಳಿಗೆ, ಅದರಲ್ಲೂ ನಮ್ಮಲ್ಲಿ ಎಲ್‌ಪಿಡಿಟಿ ಎಂದು ಕರೆಯುವ ತಗ್ಗು ಮೈಕಟ್ಟಿನ ಡಂಪ್ ಟ್ರಕ್ಕುಗಳಿಗೆ ಸಂಬಂಧಿಸಿದ್ದು. ಕಲ್ಲಿದ್ದಲು ಗಣಿಗಳಲ್ಲಿ ಮೀಥೇನ್ ಅನಿಲದ ಅಪಾಯವಿರುವುದರಿಂದ ಅಲ್ಲಿನ ವಿದ್ಯುತ್ ಉಪಕರಣಗಳಿಗೆ ಬೇರೆಯದೇ ಆದ ಕಟ್ಟುನಿಟ್ಟಿನ ನಿಯಮಗಳಿವೆ. ಈ ಬರಹವನ್ನು ಅಲ್ಲಿಗೆ ಅನ್ವಯಿಸಕೂಡದು.

ಡೀಸೆಲ್ ಬಿಡಬೇಕಾದ ಕಾರಣವನ್ನು ಗಣಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆರೋಗ್ಯದ ಮಾತು ಹಾಗಿರಲಿ, ಆ ಹೊಗೆಯನ್ನು ತೆಳುವಾಗಿಸಲು ಬೇಕಾದ ಗಾಳಿಯ ಪ್ರಮಾಣವೇ ಆಳದ ಗಣಿಗಳನ್ನು ಕಟ್ಟಿಹಾಕುತ್ತದೆ. ಕೆನಡಾದ ಒಂಟಾರಿಯೋ ಪ್ರಾಂತ್ಯದ ನಿಯಮದಂತೆ ಎಂಜಿನ್ನಿನ ಪ್ರತಿ ಕಿಲೋವಾಟ್‌ಗೆ ಸೆಕೆಂಡಿಗೆ 0.06 ಘನ ಮೀಟರ್ ಗಾಳಿ ಬೇಕು. ಎಂದರೆ 500 ಕಿಲೋವಾಟ್ ಎಂಜಿನ್ನಿನ ಒಂದೇ ಟ್ರಕ್ಕಿಗೆ ಸೆಕೆಂಡಿಗೆ 30 ಘನ ಮೀಟರ್. ಅದೇ ಪ್ರಾಂತ್ಯದ ಮಕಾಸ್ಸಾ ಚಿನ್ನದ ಗಣಿ 2010ರ ದಶಕದಲ್ಲೇ ಬ್ಯಾಟರಿ ಯಂತ್ರಗಳತ್ತ ಹೊರಳಿದ್ದು ಪರಿಸರ ಪ್ರೇಮಕ್ಕಿಂತ ಹೆಚ್ಚಾಗಿ ಈ ಗಾಳಿಯ ಕೊರತೆಯಿಂದ. ಅಲ್ಲಿಯದೇ ಬೋರ್ಡನ್ ಗಣಿಯನ್ನು ಆರಂಭದಿಂದಲೇ ಬ್ಯಾಟರಿ ಯಂತ್ರಗಳನ್ನು ಆಧಾರವಾಗಿಟ್ಟುಕೊಂಡು ಯೋಜಿಸಲಾಯಿತು, 2019ರಲ್ಲಿ ಅದು ಉತ್ಪಾದನೆಗೆ ಬಂತು. ಭಾರತದಲ್ಲಿ ರಾಜಸ್ಥಾನದ ಹಿಂದೂಸ್ತಾನ್ ಝಿಂಕ್ ತನ್ನ ಭೂಗತ ಗಣಿಗಳಿಗೆ ಬ್ಯಾಟರಿ ವಾಹನಗಳನ್ನು ಇಳಿಸತೊಡಗಿದೆ.

ಟ್ರಕ್ಕೇ ಬೇಕೇ?

ಯಂತ್ರದ ಪಟ್ಟಿ ಬಿಚ್ಚುವ ಮುನ್ನ ಈ ಪ್ರಶ್ನೆಯನ್ನು ನಿರ್ದಾಕ್ಷಿಣ್ಯವಾಗಿ ಕೇಳಿಕೊಳ್ಳಬೇಕು. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಅದಿರು ಶಾಫ್ಟ್‌ಗಳ, ಅಂದರೆ ನೆಲದಿಂದ ಕೆಳಗಿಳಿಯುವ ಬಾವಿಯಂಥ ದಾರಿಗಳ ಮೂಲಕ ಮೇಲೆ ಬರುತ್ತದೆ. ಶಾಫ್ಟ್‌ನ ವೈಂಡರ್, ಅಂದರೆ ಹಗ್ಗದಿಂದ ಅದಿರು ಎತ್ತುವ ರಾಟೆ, ನೂರು ವರ್ಷಕ್ಕೂ ಹಿಂದಿನಿಂದ ವಿದ್ಯುತ್ತಿನಲ್ಲೇ ನಡೆಯುತ್ತಿರುವ ಯಂತ್ರ. ಅದು ತನ್ನ ಜೊತೆ ಬ್ಯಾಟರಿಯನ್ನಾಗಲಿ 45 ಟನ್ ಉಕ್ಕಿನ ಮೈಯನ್ನಾಗಲಿ ಹೊತ್ತು ಏರುವುದಿಲ್ಲ, ಮೇಲೇರುವ ಸ್ಕಿಪ್‌ನ (ಅದಿರು ತುಂಬುವ ತೊಟ್ಟಿಯ) ಸ್ವಂತ ತೂಕವನ್ನು ಸಾಮಾನ್ಯವಾಗಿ ಕೆಳಗಿಳಿಯುವ ಇನ್ನೊಂದು ಸ್ಕಿಪ್ಪೇ ಸರಿದೂಗಿಸುತ್ತದೆ. ಆದ್ದರಿಂದ ಸುಸ್ಥಿತಿಯ ಶಾಫ್ಟ್ ಇರುವಲ್ಲಿ ಟ್ರಕ್ಕಿನ ಕೆಲಸ ಲೆವೆಲ್‌ನೊಳಗೆ (ಗಣಿಯ ಒಂದು ಅಂತಸ್ತಿನೊಳಗೆ), ಅದಿರು ಒಡೆಯುವ ಫೇಸ್‌ನಿಂದ ಅದಿರಿನ ಗುಂಡಿಯವರೆಗೆ, ಬಹುಪಾಲು ಸಮತಟ್ಟಾದ ಚಿಕ್ಕ ದಾರಿಯಲ್ಲಿ ಇರಬೇಕು. ಅಲ್ಲಿ ಚಿಕ್ಕ ಬ್ಯಾಟರಿಯ ಚಿಕ್ಕ ಟ್ರಕ್ ಸಾಕು; ಎಷ್ಟೋ ಕಡೆ ಅದಿರನ್ನು ಬಾಚಿ, ಹೊತ್ತು, ಸುರಿಯುವ ಬ್ಯಾಟರಿಯ ಎಲ್‌ಎಚ್‌ಡಿ ಲೋಡರ್ ಒಂದೇ ಸಾಕಾಗುತ್ತದೆ. ಶಾಫ್ಟ್ ತಲುಪದ ಹೊಸ ಆಳಕ್ಕೆ ಇಳಿಜಾರು ದಾರಿ ಕೊರೆದು ಅಲ್ಲಿಂದ ಅದಿರನ್ನು ಹೊತ್ತು ತರಬೇಕಾದಾಗ ಮಾತ್ರ ದೊಡ್ಡ ಟ್ರಕ್ಕಿನ ವಿಚಾರ ಎತ್ತುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಏರಿನ ಲೆಕ್ಕ

ಈಗ ಕಾಗದ, ಪೆನ್ನು ತೆಗೆದುಕೊಂಡು ಕೂರೋಣ. ಉದಾಹರಣೆಗೆ, 50 ಟನ್ ಹೊರುವ, ಖಾಲಿಯಿದ್ದಾಗ 45 ಟನ್ ತೂಗುವ ಟ್ರಕ್ಕೊಂದನ್ನು ಇಟ್ಟುಕೊಳ್ಳೋಣ. ಸ್ಯಾಂಡ್ವಿಕ್ ಕಂಪನಿಯ ಟಿಎಚ್550ಬಿ ಈ ವರ್ಗದ್ದು. ಅದರ ಬ್ಯಾಟರಿ ಸುಮಾರು 350 ಯೂನಿಟ್ ಹಿಡಿಯುತ್ತದೆ. ಯೂನಿಟ್ ಎಂದರೆ ನಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ. ದಾರಿ ಏಳಕ್ಕೆ ಒಂದರ ಇಳಿಜಾರು, ಅಂದರೆ ಏಳು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. ಈ ದಾರಿಯಲ್ಲಿ 100 ಮೀಟರ್ ಎತ್ತರ ಏರಲು ಟ್ರಕ್ ಸುಮಾರು 700 ಮೀಟರ್ ಓಡಬೇಕು.

ತುಂಬಿದ 95 ಟನ್ನನ್ನು 100 ಮೀಟರ್ ಎತ್ತಲು ಗುರುತ್ವದ ಲೆಕ್ಕದಲ್ಲಿ 26 ಯೂನಿಟ್ ಬೇಕು. ಚಕ್ರ ಉರುಳುವಾಗಿನ ಪ್ರತಿರೋಧ ಒಳ್ಳೆಯ ದಾರಿಯಲ್ಲಿ ತೂಕದ ಶೇಕಡಾ 3ರಷ್ಟೆಂದು ಹಿಡಿದರೆ ಇನ್ನೂ ಐದೂವರೆ ಯೂನಿಟ್. ಬ್ಯಾಟರಿಯಿಂದ ಚಕ್ರದವರೆಗಿನ ನಷ್ಟ ಶೇಕಡಾ 15 ಎಂದು ಸೇರಿಸಿದರೆ ಪ್ರತಿ 100 ಮೀಟರ್ ಏರಿಗೆ ಬ್ಯಾಟರಿಯಿಂದ ಸುಮಾರು 37 ಯೂನಿಟ್ ಖರ್ಚಾಗುತ್ತದೆ. ಖಾಲಿ ಟ್ರಕ್ ಅಷ್ಟೇ ಎತ್ತರ ಇಳಿಯುವಾಗ ಮೋಟಾರು ಜನರೇಟರಿನಂತೆ ತಿರುಗಿ 6ರಿಂದ 7 ಯೂನಿಟ್ ಹಿಂದಿರುಗಿಸುತ್ತದೆ. ಉಳಿದ ನಿವ್ವಳ ಖರ್ಚು 100 ಮೀಟರಿಗೆ ಸುಮಾರು 30 ಯೂನಿಟ್.

ನಿಮ್ಮ ದಾರಿ 300 ಮೀಟರ್ ಎತ್ತರದ್ದಾಗಿದ್ದರೆ ಒಂದು ಸುತ್ತಿಗೆ 90 ಯೂನಿಟ್, ಜೊತೆಗೆ ಹೈಡ್ರಾಲಿಕ್ ಪಂಪು, ಬ್ಯಾಟರಿ ತಂಪಾಗಿಸುವ ವ್ಯವಸ್ಥೆ, ದೀಪ, ಕ್ಯಾಬಿನ್ನಿನ ಎಸಿಗಳಿಗೆ ಸುಮಾರು 10 ಯೂನಿಟ್, ಒಟ್ಟು 100. ಬ್ಯಾಟರಿಯಲ್ಲಿ 350 ಯೂನಿಟ್ ಇದ್ದರೂ ಅದನ್ನು ಪೂರ್ತಿ ತುಂಬಿಸುವುದಾಗಲಿ ಪೂರ್ತಿ ಬರಿದು ಮಾಡುವುದಾಗಲಿ ಸಲ್ಲದ ಕಾರಣ ಕೈಗೆ ಸಿಗುವುದು ಶೇಕಡಾ 80, ಅಂದರೆ 280 ಯೂನಿಟ್. ಇದರಲ್ಲಿ ಎರಡು ಸುತ್ತು ನೆಮ್ಮದಿಯಾಗಿ ಆಗುತ್ತವೆ. ಮೂರನೆಯ ಸುತ್ತಿಗೆ ಹೊರಟರೆ ತುಂಬಿದ ಟ್ರಕ್ ಏರಿನ ನಡುವೆ ನಿಲ್ಲಬಹುದು, ಅದರ ಹಿಂದೆ ಇಡೀ ಗಣಿಯ ಸಂಚಾರವೂ ನಿಲ್ಲುತ್ತದೆ. ಬ್ಯಾಟರಿ ಹಳೆಯದಾದಂತೆ ಅದರ ಧಾರಣಶಕ್ತಿ ಇಳಿಯುವುದರಿಂದ ಲೆಕ್ಕವನ್ನು ಹೊಸ ಬ್ಯಾಟರಿಗೆ ಮಾಡದೆ ಶೇಕಡಾ 80ಕ್ಕೆ ಇಳಿದ ಬ್ಯಾಟರಿಗೆ ಮಾಡಿ ನೋಡಬೇಕು. ಆಗಲೂ ಎರಡು ಸುತ್ತು ಹೊಂದುವುದಾದರೆ ಯೋಜನೆ ಗಟ್ಟಿ. ಮೇಲಿನ ಉದಾಹರಣೆಯಲ್ಲಿ 280 ಯೂನಿಟ್ ಹೋಗಿ 224 ಉಳಿಯುತ್ತದೆ, ಹಾಗಾಗಿ ಹೊಂದುತ್ತದೆ, ಆದರೆ ಅಂಚಿನಲ್ಲೇ.

ಇದೇ ಲೆಕ್ಕದಲ್ಲಿ ದಾರಿಯ ಸ್ಥಿತಿಯನ್ನು ಬದಲಿಸಿ ನೋಡಿದರೆ ಕಣ್ಣು ತೆರೆಯುತ್ತದೆ. ಗುಂಡಿ ಬಿದ್ದು ಕೆಸರಾದ ದಾರಿಯಲ್ಲಿ ಪ್ರತಿರೋಧ ಶೇಕಡಾ 3ರಿಂದ 6ಕ್ಕೆ ಏರಿದರೆ 300 ಮೀಟರಿನ ಒಂದು ಸುತ್ತಿನ ಖರ್ಚು 100 ಯೂನಿಟ್ಟಿನಿಂದ ಸುಮಾರು 126ಕ್ಕೆ ಹೋಗುತ್ತದೆ. ಡೀಸೆಲ್ ಟ್ರಕ್ಕಿನಲ್ಲಿ ಈ ನಷ್ಟ ಟ್ಯಾಂಕಿನೊಳಗೆ ಕಾಣದೆ ಕರಗಿಹೋಗುತ್ತಿತ್ತು, ಬ್ಯಾಟರಿ ಟ್ರಕ್ಕಿನಲ್ಲಿ ಅದು ಪಾಳಿಗೊಂದು ಸುತ್ತು ಕಡಿಮೆಯಾಗಿ ಎದುರಿಗೇ ನಿಲ್ಲುತ್ತದೆ. ಗ್ರೇಡರ್, ಜಲ್ಲಿ, ನೀರು ಹರಿದುಹೋಗುವ ಪಕ್ಕದ ಕಾಲುವೆ ಇವುಗಳ ಮೇಲೆ ಹಾಕುವ ಹಣವನ್ನು ಬ್ಯಾಟರಿಯ ಖರ್ಚಿನ ಭಾಗವೆಂದೇ ಬಜೆಟ್ಟಿನಲ್ಲಿ ಬರೆಯುವುದು ಒಳಿತು.

ಚಾರ್ಜರ್ ಎಲ್ಲಿರಬೇಕು

ಚಾರ್ಜರನ್ನು ಗಣಿಯ ಬಾಯಿಯಲ್ಲಿ, ನೆಲದ ಮೇಲೆ ಇಡುವುದು ಎಲ್ಲರಿಗೂ ಮೊದಲು ಹೊಳೆಯುವ ಯೋಚನೆ. ಹೊಸ ಕೋಣೆ ಕೊರೆಯಬೇಕಾಗಿಲ್ಲ, ಬೆಂಕಿಯ ಭಯ ಕಡಿಮೆ, ಕೇಬಲ್ ಹತ್ತಿರ. ಆದರೆ ಮೇಲೆ ಭರ್ತಿಯಾಗಿ ಚಾರ್ಜಾದ ಟ್ರಕ್ ತಕ್ಷಣ ಇಳಿಜಾರಿಗೆ ಹೊರಟರೆ ಇಳಿಯುವಾಗ ಹುಟ್ಟುವ ವಿದ್ಯುತ್ತಿಗೆ ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ. ಆಗ ಬ್ರೇಕಿಂಗ್ ಶಕ್ತಿಯೆಲ್ಲ ರೆಸಿಸ್ಟರಿಗೆ ಅಥವಾ ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿಗೆ ಹೋಗಿ ಶಾಖವಾಗುತ್ತದೆ. ಎರಡು ಕಿಲೋಮೀಟರಿಗೂ ಉದ್ದದ ಇಳಿಜಾರಿನಲ್ಲಿ ಇದು ಸಣ್ಣ ವಿಷಯವಲ್ಲ. ಮೇಲೆ ಚಾರ್ಜ್ ಮಾಡುವುದಾದರೆ ಚಾರ್ಜ್ ಮಟ್ಟದ ಮಿತಿಯನ್ನು ಇಳಿತದ ಎತ್ತರ ನೋಡಿ ನಿಗದಿಮಾಡಬೇಕು. ನಮ್ಮ ಉದಾಹರಣೆಯ 300 ಮೀಟರಿಗೆ ಹಿಂದಿರುಗುವುದು ಸುಮಾರು 20 ಯೂನಿಟ್, ಅಂದರೆ ಬ್ಯಾಟರಿಯ ಶೇಕಡಾ 6; ಆದ್ದರಿಂದ ಶೇಕಡಾ 90ಕ್ಕೆ ನಿಲ್ಲಿಸಿದರೆ ಸಾಕು. ಈ ಮಿತಿಯನ್ನು ಚಾಲಕನ ನೆನಪಿಗೆ ಬಿಡದೆ ಚಾರ್ಜರಿನ ಸೆಟ್ಟಿಂಗಿನಲ್ಲೇ ಕೂಡಿಸಿ ಬೀಗ ಹಾಕಬೇಕು.

ಏರಿನ ಬುಡದಲ್ಲಿ, ಅದಿರು ತುಂಬುವ ಜಾಗದ ಹತ್ತಿರ ಚಾರ್ಜರ್ ಇಟ್ಟರೆ ಲೆಕ್ಕ ಹೆಚ್ಚು ಚೊಕ್ಕ: ಟ್ರಕ್ ಹಿಂದಿರುಗಿದ ವಿದ್ಯುತ್ತನ್ನು ಹೊತ್ತೇ ಚಾರ್ಜರಿಗೆ ಬರುತ್ತದೆ, ತುಂಬಿದ ಬ್ಯಾಟರಿಯೊಂದಿಗೆ ಅತಿ ಕಷ್ಟದ ಏರನ್ನು ಆರಂಭಿಸುತ್ತದೆ. ಆದರೆ ಅಲ್ಲಿ ಬೆಂಕಿಯ ವ್ಯವಸ್ಥೆ ಕಠಿಣ, ಗಣಿ ಆಳಕ್ಕೆ ಇಳಿದಂತೆ ಚಾರ್ಜರೂ ಹಿಂದೆಯೇ ಇಳಿಯಬೇಕು. ಹೆಚ್ಚಿನ ಗಣಿಗಳಿಗೆ ದಾರಿಯ ನಡುವಿನ ಒಂದು ಲೆವೆಲ್‌ನಲ್ಲಿ, ಬಳಸಿದ ಗಾಳಿ ಹೊರಹೋಗುವ ಮಾರ್ಗಕ್ಕೆ ನೇರವಾಗಿ ತೆರೆದುಕೊಳ್ಳುವ ಕೋಣೆಯೇ ಉತ್ತಮ ರಾಜಿ ಎಂದು ನನಗೆ ತೋರುತ್ತದೆ.

ಸಂದರ್ಭ ಬಂತೆಂದು ಹೇಳುವುದಾದರೆ, ಅದಿರನ್ನು ಮೇಲಿನಿಂದ ಕೆಳಕ್ಕೆ ಹೊರುವ ಜಾಗದಲ್ಲಿ ಲೆಕ್ಕ ಪೂರ್ತಿ ತಿರುಗಿಬಿಡುತ್ತದೆ. ಸ್ವಿಟ್ಜರ್ಲೆಂಡಿನ ಸಿಮೆಂಟ್ ಕಂಪನಿಯೊಂದರ ತೆರೆದ ಕಲ್ಲುಗಣಿಯಲ್ಲಿ ಓಡುವ ಇ-ಡಂಪರ್ ತುಂಬಿಕೊಂಡು ಇಳಿಯುತ್ತದೆ, ಖಾಲಿಯಾಗಿ ಏರುತ್ತದೆ. ಇಳಿಯುವಾಗ ಗಳಿಸಿದ್ದೇ ಏರಲು ಬಹುಮಟ್ಟಿಗೆ ಸಾಕಾಗುತ್ತದೆ. ಬೆಟ್ಟದ ಮೈಯಲ್ಲಿ ಅಡ್ಡ ಸುರಂಗ ಕೊರೆದು ಅದಿರು ತೆಗೆಯುವ ಗಣಿಗಳು ಈ ಸಾಧ್ಯತೆಯನ್ನು ತಪ್ಪದೆ ಪರಿಶೀಲಿಸಬೇಕು.

ಬದಲಿಸುವುದೋ, ತುಂಬಿಸುವುದೋ, ತಂತಿ ಎಳೆಯುವುದೋ

ಬ್ಯಾಟರಿಗೆ ವಿದ್ಯುತ್ ತಲುಪಿಸಲು ಮೂರು ಮಾರ್ಗಗಳಿವೆ. ಖಾಲಿಯಾದ ಬ್ಯಾಟರಿಯನ್ನು ಕಳಚಿ ತುಂಬಿದ್ದನ್ನು ಕೂರಿಸುವುದು ಮೊದಲನೆಯದು. ಸ್ಯಾಂಡ್ವಿಕ್ ಟ್ರಕ್ಕುಗಳಲ್ಲಿ ಯಂತ್ರವೇ ತನ್ನ ಬ್ಯಾಟರಿಯನ್ನು ನೆಲಕ್ಕಿಳಿಸಿ ಪಕ್ಕದ್ದನ್ನು ಎತ್ತಿಕೊಳ್ಳುತ್ತದೆ, ಕೆಲವೇ ನಿಮಿಷಗಳ ಕೆಲಸ. ಕ್ರೇನಿನಿಂದ ಎತ್ತಿ ಬದಲಿಸುವ ವ್ಯವಸ್ಥೆಗಳೂ ಇವೆ, ಅವಕ್ಕೆ ಎತ್ತರದ ಕೋಣೆ ಕೊರೆದು ಛಾವಣಿ ಕುಸಿಯದಂತೆ ರಾಕ್ ಬೋಲ್ಟ್ ಹೊಡೆಯುವ ಖರ್ಚು ಸೇರುತ್ತದೆ. ಬದಲಿಸುವ ಮಾರ್ಗದ ಗುಣವೆಂದರೆ ಬ್ಯಾಟರಿಯನ್ನು ನಿಧಾನವಾಗಿ, ತಂಪಾಗಿ ಚಾರ್ಜ್ ಮಾಡಬಹುದು. ದೋಷವೆಂದರೆ ಟ್ರಕ್ಕುಗಳಿಗಿಂತ ಹೆಚ್ಚು ಬ್ಯಾಟರಿಗಳನ್ನು ಕೊಳ್ಳಬೇಕು.

ಎರಡನೆಯದು ಟ್ರಕ್ಕಿನಲ್ಲೇ ಇಟ್ಟು ಶೀಘ್ರವಾಗಿ ಚಾರ್ಜ್ ಮಾಡುವುದು. ಅರ್ಧ ಗಂಟೆಯಲ್ಲಿ 200 ಯೂನಿಟ್ ತುಂಬಿಸಬೇಕಾದರೆ 400 ಕಿಲೋವಾಟಿನ ಚಾರ್ಜರ್ ಬೇಕು. ಅರ್ಧ ಗಂಟೆ ಟ್ರಕ್ ನಿಲ್ಲುತ್ತದೆ ಎಂದರೆ ಗಣಿಯಲ್ಲಿ ಮುಖ ಸಿಂಡರಿಸುವವರಿದ್ದಾರೆ. ಆದರೆ ಪಾಳಿ ಬದಲಾವಣೆ, ಊಟ, ಸ್ಫೋಟದ ನಂತರದ ಹೊಗೆ ಕಾಯುವ ಹೊತ್ತು ಇವುಗಳಲ್ಲಿ ಡೀಸೆಲ್ ಟ್ರಕ್ಕೂ ನಿಂತೇ ಇರುತ್ತದೆ. ಆ ನಿಲುಗಡೆಗಳನ್ನು ಮೊದಲು ಗುರುತಿಸಿ, ಚಾರ್ಜಿಂಗನ್ನು ಅವುಗಳೊಳಗೆ ಕೂರಿಸಬಹುದೇ ನೋಡಬೇಕು.

ಮೂರನೆಯದು ಟ್ರಾಲಿ, ಅಂದರೆ ಏರಿನುದ್ದಕ್ಕೂ ಛಾವಣಿಗೆ ವಿದ್ಯುತ್ ತಂತಿ ಕಟ್ಟಿ ರೈಲಿನ ಎಂಜಿನ್ನಿನಂತೆ ಅದರಿಂದ ಶಕ್ತಿ ಪಡೆಯುವುದು. ಸ್ವೀಡನ್ನಿನ ಕಿರುನಾ ಟ್ರಕ್ಕುಗಳು ಕಳೆದ ಶತಮಾನದಲ್ಲೇ ಹೀಗೆ ಓಡಿದವು. ಈಚೆಗೆ ಅದೇ ದೇಶದ ಕ್ರಿಸ್ಟಿನೆಬೆರ್ಗ್ ಗಣಿಯಲ್ಲಿ ಬೊಲಿಡೆನ್, ಎಪಿರಾಕ್, ಎಬಿಬಿ ಕಂಪನಿಗಳು ಸೇರಿ ಶೇಕಡಾ 13ರ ಏರಿರುವ 800 ಮೀಟರ್ ದಾರಿಯಲ್ಲಿ ಬ್ಯಾಟರಿ ಮತ್ತು ಟ್ರಾಲಿ ಎರಡೂ ಇರುವ ಟ್ರಕ್ಕನ್ನು ಪರೀಕ್ಷಿಸಿವೆ. ಹತ್ತಾರು ವರ್ಷ ಬಳಕೆಯಲ್ಲಿರುವ ಖಾಯಂ ದಾರಿ, ದೊಡ್ಡ ಉತ್ಪಾದನೆ ಇವೆರಡೂ ಇರುವ ಗಣಿಗೆ ಮಾತ್ರ ಇದು ಸರಿ.

ವಿದ್ಯುತ್ ಎಲ್ಲಿಂದ

ಗಣಿಗಾರಿಕೆಗೂ ವಿದ್ಯುತ್ತಿಗೂ ಕರ್ನಾಟಕದಲ್ಲಿ ಹಳೆಯ ನಂಟು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ, ಬೆಂಗಳೂರಿನ ಬೀದಿದೀಪಗಳಿಗೆ ಅದು ಬಂದದ್ದು ಆಮೇಲೆ. ಆದರೆ ಸ್ಥಿರವಾಗಿ ನಡೆಯುವ ಪಂಪು, ಫ್ಯಾನುಗಳ ಬೇಡಿಕೆಯೇ ಬೇರೆ, ಚಾರ್ಜರಿನ ಬೇಡಿಕೆಯೇ ಬೇರೆ. ನಮ್ಮ ಉದಾಹರಣೆಯಲ್ಲಿ ಒಂದು ಸುತ್ತಿಗೆ 45 ನಿಮಿಷ ಹಿಡಿಯುತ್ತದೆಂದುಕೊಂಡರೆ ನಾಲ್ಕು ಟ್ರಕ್ಕುಗಳ ಸರಾಸರಿ ಬೇಡಿಕೆ 530 ಕಿಲೋವಾಟ್ ಮಾತ್ರ. ಆದರೆ ಊಟದ ಗಂಟೆ ಹೊಡೆದಾಗ ನಾಲ್ವರು ಚಾಲಕರೂ ಒಟ್ಟಿಗೆ ಬಂದು ನಾಲ್ಕು ಚಾರ್ಜರುಗಳಿಗೆ ಪ್ಲಗ್ ಚುಚ್ಚಿದರೆ ಬೇಡಿಕೆ 1,600 ಕಿಲೋವಾಟಿಗೆ ಜಿಗಿಯುತ್ತದೆ. ಎಚ್‌ಟಿ (ಹೆಚ್ಚಿನ ವೋಲ್ಟೇಜಿನ) ಗ್ರಾಹಕರ ಬಿಲ್ಲಿನಲ್ಲಿ ಆ ತಿಂಗಳ ಗರಿಷ್ಠ ಬೇಡಿಕೆಗೂ ಶುಲ್ಕವಿರುವುದರಿಂದ ಒಂದು ದಿನದ ಈ ಒಂದು ಊಟ ಇಡೀ ತಿಂಗಳ ಖರ್ಚನ್ನು ಏರಿಸಬಲ್ಲದು.

ಪರಿಹಾರ ಕಷ್ಟದ್ದಲ್ಲ. ಊಟದ ಹೊತ್ತನ್ನು ಟ್ರಕ್ಕಿನಿಂದ ಟ್ರಕ್ಕಿಗೆ ಅರ್ಧ ಗಂಟೆ ಹಿಂದುಮುಂದು ಮಾಡಬೇಕು, ಚಾರ್ಜರುಗಳ ಒಟ್ಟು ಬೇಡಿಕೆಗೆ ಸಾಫ್ಟ್‌ವೇರಿನಲ್ಲಿ ಮಿತಿ ಹಾಕಬೇಕು. ಪಾಳಿ ಬದಲಿಸುವ ಮಾತು ಬಂದಾಗ ಕಾರ್ಮಿಕ ಸಂಘದೊಂದಿಗೆ ಮೊದಲೇ ಕೂತು ಮಾತಾಡಿರುವುದು ಲೇಸು. ಸುತ್ತೋಲೆ ಹೊರಡಿಸಿ ಆಮೇಲೆ ವಿವರಿಸಲು ಹೋದರೆ ಯಂತ್ರದ ಮೇಲಿನ ಸಿಟ್ಟು ವರ್ಷಗಟ್ಟಲೆ ಉಳಿಯುತ್ತದೆ. ಇದಲ್ಲದೆ ಭೂಗತ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ, ಉದ್ದ ಕೇಬಲಿನ ತುದಿಯಲ್ಲಿ ವೋಲ್ಟೇಜ್ ಕುಸಿತ, ಚಾರ್ಜರುಗಳು ಲೈನಿಗೆ ಸೇರಿಸುವ ಹಾರ್ಮೋನಿಕ್ಸ್ (ವಿದ್ಯುತ್ ಅಲೆಯ ವಿಕೃತಿ) ಇವುಗಳನ್ನು ವಿದ್ಯುತ್ ಎಂಜಿನಿಯರ್ ಅಳೆದು ಬರಹದಲ್ಲಿ ಕೊಡಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು ಮತ್ತು ಜಾರಿಯಲ್ಲಿರುವ ಲೋಹ ಗಣಿ ನಿಯಮಾವಳಿಗಳ ಚೌಕಟ್ಟಿನಲ್ಲಿ ಯಾವುದಕ್ಕೆ ಅನುಮತಿ ಬೇಕೆಂದು ಗಣಿ ಸುರಕ್ಷತೆಯ ಕೇಂದ್ರ ಇಲಾಖೆಯಾದ ಡಿಜಿಎಂಎಸ್ ಪ್ರಾದೇಶಿಕ ಕಚೇರಿಯಲ್ಲಿ ಖರೀದಿ ಆದೇಶಕ್ಕೆ ಮುಂಚೆಯೇ ವಿಚಾರಿಸಬೇಕು. ಯಂತ್ರ ಬಂದಿಳಿದ ಮೇಲೆ ಅನುಮತಿಗೆ ಓಡಾಡುವುದು ಎಲ್ಲ ಕಡೆಯಿಂದಲೂ ದುಬಾರಿ.

ಗಾಳಿಯನ್ನು ಕೂಡಲೇ ಕಡಿತಗೊಳಿಸಬೇಡಿ

ಡೀಸೆಲ್ ಹೋಯಿತು, ಫ್ಯಾನಿನ ವೇಗ ಅರ್ಧಕ್ಕಿಳಿಸೋಣ ಎಂಬ ಆತುರ ಮ್ಯಾನೇಜರ್ ಕಚೇರಿಯಲ್ಲಿ ಸಹಜವಾಗಿ ಹುಟ್ಟುತ್ತದೆ. ಉಳಿತಾಯ ಇರುವುದು ನಿಜ. ಶಾಖದ ಲೆಕ್ಕವನ್ನೇ ನೋಡಿ: ಅದೇ 300 ಮೀಟರ್ ಸುತ್ತಿಗೆ ಡೀಸೆಲ್ ಟ್ರಕ್ಕಿಗೆ ಸುಮಾರು 30 ಲೀಟರ್ ಬೇಕಾಗುತ್ತದೆ. ಒಂದು ಲೀಟರ್ ಡೀಸೆಲಿನಲ್ಲಿ ಹೆಚ್ಚುಕಡಿಮೆ 10 ಯೂನಿಟ್ ಶಕ್ತಿಯಿರುವುದರಿಂದ ಒಟ್ಟು 300 ಯೂನಿಟ್. ಅದರಲ್ಲಿ 50 ಟನ್ ಅದಿರನ್ನು ಎತ್ತಲು ನಿಜವಾಗಿ ಸಂದದ್ದು 41, ಉಳಿದ 250ಕ್ಕೂ ಹೆಚ್ಚು ಯೂನಿಟ್ ಶಾಖವಾಗಿ ದಾರಿಯುದ್ದಕ್ಕೂ ಹರಡುತ್ತದೆ. ಬ್ಯಾಟರಿ ಟ್ರಕ್ ಅದೇ ಕೆಲಸಕ್ಕೆ ಚೆಲ್ಲುವ ಶಾಖ 60 ಯೂನಿಟ್ ಆಸುಪಾಸು. ಮೂರು ಕಿಲೋಮೀಟರಿಗೂ ಆಳಕ್ಕಿಳಿದು 2001ರಲ್ಲಿ ಮುಚ್ಚಿದ ಕೋಲಾರದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಂಥ ಜಾಗದ ಕಥೆ ಕೇಳಿ ಬೆಳೆದವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತಾಗುತ್ತದೆ.

ಆದರೂ ಗಾಳಿ ಬೇಕಾಗಿರುವುದು ಡೀಸೆಲ್ ಹೊಗೆಗೆ ಮಾತ್ರವಲ್ಲ. ಸ್ಫೋಟದ ಅನಿಲಗಳು, ಕಲ್ಲಿನ ಧೂಳು, ಬಂಡೆಯ ಶಾಖ, ಕೆಲವು ಗಣಿಗಳಲ್ಲಿ ವಿಕಿರಣ ಸೂಸುವ ರೇಡಾನ್ ಅನಿಲ, ಇವೆಲ್ಲ ಇದ್ದೇ ಇರುತ್ತವೆ. ಸಿಲಿಕಾ ಹೆಚ್ಚಿರುವ ಬಂಡೆಯಲ್ಲಿ ಗಾಳಿ ಇಳಿಸಿದರೆ ಡೀಸೆಲ್ ಮಸಿಯಿಂದ ಪಾರಾದ ಶ್ವಾಸಕೋಶಕ್ಕೆ ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗ ಕಾದಿರುತ್ತದೆ. ಜೊತೆಗೆ ಚಾರ್ಜಿಂಗ್ ಕೋಣೆಯೊಂದರಲ್ಲೇ ಹೊಸ ಶಾಖ ಒಟ್ಟಾಗುತ್ತದೆ. ಆದ್ದರಿಂದ ಮೊದಲು ಟ್ರಕ್ಕುಗಳು ಓಡಲಿ; ಪ್ರತಿ ಕೆಲಸದ ಜಾಗದಲ್ಲಿ ಧೂಳು, ಅನಿಲ, ಒದ್ದೆ ಬಲ್ಬಿನ ಉಷ್ಣತೆ (ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿಯುವ ಬಿಸಿಯ ಅಳತೆ) ಇವುಗಳನ್ನು ಬೇಸಿಗೆ, ಮಳೆಗಾಲ ಎರಡರಲ್ಲೂ ಅಳೆಯಿರಿ; ಅನಂತರ ಹಂತಹಂತವಾಗಿ ಫ್ಯಾನ್ ಇಳಿಸಿ. ಅದೇ ದಾರಿಯಲ್ಲಿ ಒಂದೆರಡು ಡೀಸೆಲ್ ಯಂತ್ರಗಳು ಉಳಿದಿರುವವರೆಗೂ ಗಾಳಿಯ ಲೆಕ್ಕ ಡೀಸೆಲ್ಲಿನದೇ.

ಚಾಲಕನ ಸೀಟಿನಲ್ಲಿ

ಅನುಭವಿ ಡೀಸೆಲ್ ಚಾಲಕ ಬ್ಯಾಟರಿ ಟ್ರಕ್ಕಿಗೆ ಬಂದಾಗ ಮೊದಲು ಬಿಡಬೇಕಾದ ಅಭ್ಯಾಸ, ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ತುಳಿಯುವುದು. ಇಲ್ಲಿ ಆಕ್ಸಿಲರೇಟರಿನಿಂದ ಕಾಲನ್ನು ನಿಧಾನವಾಗಿ ಎತ್ತಿದರೆ ಮೋಟಾರೇ ಟ್ರಕ್ಕನ್ನು ಹಿಡಿಯುತ್ತದೆ, ವಿದ್ಯುತ್ತನ್ನೂ ಹಿಂದಿರುಗಿಸುತ್ತದೆ. ಪೆಡಲ್ ತುಳಿದರೆ ಆ ಶಕ್ತಿ ಬ್ರೇಕಿನ ಎಣ್ಣೆಯನ್ನು ಕಾಯಿಸುವುದಕ್ಕೆ ಹೋಗುತ್ತದೆ. ಎರಡನೆಯದು ಏರಿನಲ್ಲಿನ ಸಂಯಮ. ತುಂಬಿದ 95 ಟನ್ ಟ್ರಕ್ಕು ಏಳಕ್ಕೊಂದರ ಏರಿನಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೋಗಲು ಚಕ್ರದ ಬಳಿಯೇ 440 ಕಿಲೋವಾಟಿಗೂ ಹೆಚ್ಚು ಬೇಕು. ಮೋಟಾರು ಅದನ್ನು ಸದ್ದಿಲ್ಲದೆ ಕೊಡುತ್ತದೆ. ನಿಂತಲ್ಲಿಂದ ಒಮ್ಮೆಲೇ ಪೆಡಲ್ ಒತ್ತಿದರೆ ಒದ್ದೆ ಕಲ್ಲಿನ ಮೇಲೆ ಚಕ್ರ ಜಾರಿ ಟೈರು ಹರಿಯುತ್ತದೆ.

ಸದ್ದಿಲ್ಲದಿರುವುದು ವರವೂ ಹೌದು, ಅಪಾಯವೂ ಹೌದು. ಭೂಗತದಲ್ಲಿ ನಡೆದು ಹೋಗುವವರು ಬೆಳಕಿಗಿಂತ ಮೊದಲು ಎಂಜಿನ್ನಿನ ಸದ್ದು ಕೇಳಿ ಪಕ್ಕದ ಗೂಡಿಗೆ ಸರಿದು ನಿಲ್ಲುವುದನ್ನು ರೂಢಿಮಾಡಿಕೊಂಡಿರುತ್ತಾರೆ. ಆ ಎಚ್ಚರಿಕೆ ಇನ್ನಿಲ್ಲ. ತಿರುವುಗಳಲ್ಲಿ ಕಡ್ಡಾಯ ಹಾರ್ನ್, ಮುಂದೆ ಚೆಲ್ಲುವ ನೀಲಿ ದೀಪ, ಕ್ಯಾಪ್ ಲ್ಯಾಂಪಿನಲ್ಲಿ ಜೋಡಿಸಿದ ಸಮೀಪ ಸೂಚಕ ಇವುಗಳಲ್ಲಿ ಕನಿಷ್ಠ ಎರಡಾದರೂ ಇರಬೇಕು, ಟ್ರಕ್ ಓಡುವ ಹೊತ್ತಿನಲ್ಲಿ ದಾರಿಯಲ್ಲಿ ಕಾಲ್ನಡಿಗೆಯನ್ನೇ ನಿಲ್ಲಿಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ.

ಕ್ಯಾಬಿನ್ನಿನಲ್ಲಿ ಕಣ್ಣೆದುರಿಗೇ ಅಂಟಿಸಬೇಕಾದ ಚೀಟಿಯೊಂದಿದೆ. ತುಂಬುವ ಜಾಗಕ್ಕೆ ಇಳಿಯುವ ಮುನ್ನ ಇರಲೇಬೇಕಾದ ಕನಿಷ್ಠ ಚಾರ್ಜ್ ಮಟ್ಟವನ್ನು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿರಬೇಕು. ನಮ್ಮ ಉದಾಹರಣೆಯ ಚಾರ್ಜರ್ ಮೇಲಿದೆ ಎಂದಾದರೆ, ಪೂರ್ತಿ ಏರಿಗೆ 111 ಯೂನಿಟ್, ದಾರಿ ಕೆಟ್ಟಿದ್ದರೆ 130. ಮುಟ್ಟಬಾರದ ಕಾಪು ಶೇಕಡಾ 10ರ 35 ಯೂನಿಟ್ ಸೇರಿಸಿದರೆ 165. ಅಂದರೆ ಚಾರ್ಜ್ ಶೇಕಡಾ 47ಕ್ಕಿಂತ ಕಡಿಮೆಯಿದ್ದರೆ ತುಂಬಿಕೊಳ್ಳಲು ಇಳಿಯಬಾರದು. ಬ್ಯಾಟರಿ ಹಳೆಯದಾದಂತೆ ಈ ಅಂಕಿಯನ್ನು ಮೇಲಕ್ಕೆ ತಿದ್ದುತ್ತಿರಬೇಕು.

ವರ್ಕ್‌ಶಾಪಿನಲ್ಲಿ

ಎಂಜಿನ್ ಎಣ್ಣೆ, ಏರ್ ಫಿಲ್ಟರ್, ಇಂಜೆಕ್ಟರ್ ಕೆಲಸಗಳು ಇಲ್ಲವಾಗುತ್ತವೆ. ಅವುಗಳ ಜಾಗಕ್ಕೆ 600ರಿಂದ 800 ವೋಲ್ಟ್ ನೇರ ವಿದ್ಯುತ್ ಬರುತ್ತದೆ, ಮುಟ್ಟಿದವನಿಗೆ ಎರಡನೇ ಅವಕಾಶ ಕೊಡುವ ವೋಲ್ಟೇಜಲ್ಲ ಅದು. ಡೀಸೆಲ್ ಮೆಕ್ಯಾನಿಕ್ಕುಗಳನ್ನು ಕೆಲಸದಿಂದ ತೆಗೆಯುವ ಬದಲು ಅವರಿಗೇ ತರಬೇತಿ ಕೊಟ್ಟು ಎಲೆಕ್ಟ್ರಿಷಿಯನ್ನರ ಜೊತೆ ಜೋಡಿಯಾಗಿ ನಿಲ್ಲಿಸುವುದು ನನಗೆ ಸರಿಕಂಡ ದಾರಿ, ಏಕೆಂದರೆ ಆಕ್ಸಲ್, ಬ್ರೇಕ್, ಹೈಡ್ರಾಲಿಕ್ಸ್ ಹೀಗೆ ಅರ್ಧ ಯಂತ್ರ ಹಳೆಯದೇ. ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಡಿಸ್ಕನೆಕ್ಟ್ ಎಳೆದು, ಬೀಗ ಹಾಕಿ, ಬೀಗದ ಕೈಯನ್ನು ಕೆಲಸ ಮಾಡುವವನೇ ಜೇಬಿನಲ್ಲಿಟ್ಟುಕೊಂಡು, ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ ಇಳಿಯಲು ತಯಾರಕರು ಹೇಳಿದಷ್ಟು ನಿಮಿಷ ಕಾದು, 1,000 ವೋಲ್ಟಿನ ಕೈಗವಸು ತೊಟ್ಟು ಮೀಟರಿನಿಂದ ಸೊನ್ನೆ ಖಚಿತಪಡಿಸಿಕೊಂಡ ಮೇಲೆಯೇ ಸ್ಪ್ಯಾನರ್ ಮುಟ್ಟಬೇಕು. ತೊಳೆಯುವ ಹುಡುಗರಿಗೂ ಪ್ರತ್ಯೇಕವಾಗಿ ಹೇಳಿಕೊಡಬೇಕು: ಹೆಚ್ಚು ಒತ್ತಡದ ನೀರನ್ನು ಚಾರ್ಜಿಂಗ್ ಸಾಕೆಟ್ಟಿಗೂ ಕೇಬಲಿನ ಕೀಲುಗಳಿಗೂ ನೇರವಾಗಿ ಬಿಡಬಾರದು. ಇನ್ಸುಲೇಷನ್ ದೋಷದ ಅಲಾರಾಂ ಹೊಡೆದಾಗ ಅದನ್ನು ರೀಸೆಟ್ ಮಾಡಿ ಪಾಳಿ ಮುಗಿಸುವ ಚಾಳಿ ಬೆಳೆಯಗೊಡಬಾರದು.

ಬೆಂಕಿ

ಈ ಭಾಗವನ್ನು ಯೋಜನೆಯ ಕೊನೆಗೆ ತಳ್ಳುವವರೇ ಹೆಚ್ಚು. ಡೀಸೆಲ್ ಟ್ರಕ್ಕುಗಳಿಗೂ ಬೆಂಕಿ ಬೀಳುತ್ತದೆ, ಅದು ಗಣಿಗಳಿಗೆ ಹೊಸದಲ್ಲ. ಲಿಥಿಯಂ ಬ್ಯಾಟರಿಯ ಬೆಂಕಿಯ ಸ್ವಭಾವ ಬೇರೆ. ಒಂದು ಸೆಲ್ ಕೆಟ್ಟು ಬಿಸಿಯೇರಿದರೆ ಪಕ್ಕದ್ದನ್ನೂ ಕಾಯಿಸುತ್ತದೆ, ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಹೊರಬರುತ್ತವೆ. ಪುಡಿಯೋ ನೊರೆಯೋ ಮೇಲಿನ ಜ್ವಾಲೆಯನ್ನು ಆರಿಸಬಹುದು, ಒಳಗಿನ ಬಿಸಿಯನ್ನಲ್ಲ. ಅದಕ್ಕೆ ಬೇಕಾದದ್ದು ತುಂಬಾ ನೀರು, ತುಂಬಾ ಹೊತ್ತು. ಆರಿದಂತೆ ಕಂಡದ್ದು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ ಹೊತ್ತಿಕೊಳ್ಳುವುದೂ ಉಂಟು. ಲಿಥಿಯಂ ಐರನ್ ಫಾಸ್ಫೇಟ್ ಬಗೆಯ ಸೆಲ್ಲುಗಳು ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬಗೆಗಿಂತ ಹೆಚ್ಚಿನ ಉಷ್ಣತೆಯವರೆಗೆ ತಾಳುತ್ತವೆ ಎಂಬುದು ಭೂಗತಕ್ಕೆ ಅವುಗಳನ್ನು ಆರಿಸಲು ಒಳ್ಳೆಯ ಕಾರಣ. ಆದರೆ ಕೆಟ್ಟರೆ ಅವೂ ಅನಿಲ ಬಿಡುತ್ತವೆ.

ಹೀಗಾಗಿ ಚಾರ್ಜಿಂಗ್ ಕೋಣೆ ಎಂದಿಗೂ ಶುದ್ಧ ಗಾಳಿ ಒಳಬರುವ ಮಾರ್ಗದಲ್ಲಿರಬಾರದು, ಕೆಲಸದ ಜಾಗಕ್ಕೂ ಪಾರಾಗುವ ದಾರಿಗೂ ನಡುವೆ ಇರಬಾರದು, ಸ್ಫೋಟಕಗಳ ಸಂಗ್ರಹದ ಹತ್ತಿರ ಇರಲೇಬಾರದು. ಅಲ್ಲಿನ ಹೊಗೆ ನೇರವಾಗಿ ಹೊರಹೋಗುವ ಗಾಳಿಯ ಮಾರ್ಗಕ್ಕೆ ಸೇರಬೇಕು. ಅನಿಲ ಪತ್ತೆ ಸಾಧನ, ದೂರದಿಂದಲೇ ತೆರೆಯಬಹುದಾದ ನೀರಿನ ಸಿಂಪರಣೆ, ಬಳಸಿದ ನೀರು ಗಣಿಯ ನೀರು ಸೇರುವ ಸಂಪಿಗೆ ಹರಿಯದಂತೆ ಹಿಡಿದಿಡುವ ತೊಟ್ಟಿ ಬೇಕು. ಕಲ್ಲು ಬಿದ್ದು ಪೆಟ್ಟಾದ, ಗೋಡೆಗೆ ಗುದ್ದಿದ, ಅಥವಾ ಬಿಸಿಯ ಅಲಾರಾಂ ಕೊಟ್ಟ ಬ್ಯಾಟರಿಯನ್ನು ಒಂಟಿಯಾಗಿ ಇಡಲು ಬೇರೆಯೇ ಒಂದು ಜಾಗ ಬೇಕು, ಅದರ ಮೇಲೆ ಥರ್ಮಲ್ ಕ್ಯಾಮರಾ ಇರಬೇಕು. ಹೊರಗೆ ಏನೂ ಕಾಣದಿದ್ದರೂ ಸರಿ.

ಒಂದು ವಿಷಯ ಮಾತ್ರ ಎಷ್ಟೋ ಕಡೆ ಕಣ್ತಪ್ಪಿಹೋಗುತ್ತದೆ. ಸೊಂಟಕ್ಕೆ ಕಟ್ಟಿಕೊಳ್ಳುವ ಫಿಲ್ಟರ್ ಬಗೆಯ ಸೆಲ್ಫ್ ರೆಸ್ಕ್ಯೂಯರ್ (ಪಾರಾಗುವಾಗ ತೊಡುವ ಉಸಿರಾಟದ ಸಾಧನ) ಕಾರ್ಬನ್ ಮಾನಾಕ್ಸೈಡನ್ನು ಮಾತ್ರ ತಡೆಯುತ್ತದೆ, ಬ್ಯಾಟರಿಯ ಉಳಿದ ಅನಿಲಗಳನ್ನಲ್ಲ. ಬ್ಯಾಟರಿ ಟ್ರಕ್ ಇಳಿಯುವ ಗಣಿಯಲ್ಲಿ ಪ್ರತಿಯೊಬ್ಬರಿಗೂ ಆಮ್ಲಜನಕವನ್ನು ತಾನೇ ಒದಗಿಸುವ ಬಗೆಯದ್ದು ಬೇಕು, ಅದನ್ನು ಕಣ್ಣು ಮುಚ್ಚಿ ತೊಡುವ ಅಭ್ಯಾಸವನ್ನೂ ಮಾಡಿಸಬೇಕು. ರಕ್ಷಣಾ ತಂಡದವರನ್ನು ಯೋಜನೆಯ ಮೊದಲ ಸಭೆಗೇ ಕರೆಯಿರಿ. ಗ್ಲೋಬಲ್ ಮೈನಿಂಗ್ ಗೈಡ್‌ಲೈನ್ಸ್ ಗ್ರೂಪ್ ಭೂಗತ ಬ್ಯಾಟರಿ ವಾಹನಗಳಿಗಾಗಿ ಹೊರತಂದ ಮಾರ್ಗಸೂಚಿಯ 2022ರ ಮೂರನೆಯ ಆವೃತ್ತಿಯನ್ನು ಅವರೊಂದಿಗೆ ಕೂತು ಓದಿದರೆ ಅನೇಕ ಪ್ರಶ್ನೆಗಳು ಅಲ್ಲೇ ಎದ್ದು ಬರುತ್ತವೆ.

ಆರಂಭಿಸುವ ಕ್ರಮ

ಇಡೀ ಪಡೆಯನ್ನು ಒಮ್ಮೆಗೇ ಬದಲಿಸುವ ಬದಲು ಒಂದು ಟ್ರಕ್ಕು, ಒಂದು ಚಾರ್ಜರು, ಒಂದೇ ದಾರಿ ಆರಿಸಿ ಶುರುಮಾಡುವುದು ಕ್ಷೇಮ. ಸಮತಟ್ಟಾದ ಸುಲಭದ ದಾರಿಯಲ್ಲಿ ಪರೀಕ್ಷಿಸಿ ಖುಷಿಪಟ್ಟರೆ ಅದರಿಂದ ಏನೂ ತಿಳಿಯುವುದಿಲ್ಲ, ನಿಮ್ಮ ಗಣಿಯ ಅತಿ ಉದ್ದದ ಏರನ್ನೇ ಕೊಡಿ. ಬ್ಯಾಟರಿಯನ್ನು ಕೊಳ್ಳದೆ, ಬಳಕೆಗೆ ತಕ್ಕಂತೆ ತಯಾರಕರಿಂದಲೇ ಬಾಡಿಗೆಗೆ ಪಡೆಯುವ ಒಪ್ಪಂದಗಳು ಈಗ ಸಿಗುತ್ತವೆ. ಬ್ಯಾಟರಿ ತಂತ್ರಜ್ಞಾನ ಬೇಗ ಬದಲಾಗುತ್ತಿರುವಾಗ ಹಳತಾಗುವ ನಷ್ಟವನ್ನು ತಯಾರಕರ ಹೆಗಲಿಗೆ ಬಿಡುವುದು ಜಾಣತನ. ಒಪ್ಪಂದದಲ್ಲಿ ಖಾತರಿಯನ್ನು ಕಿಲೋಮೀಟರಿನಲ್ಲಾಗಲಿ ಗಂಟೆಯಲ್ಲಾಗಲಿ ಬರೆಸಿಕೊಳ್ಳದೆ, ನಿಮ್ಮ ದಾರಿಯ ಇಳಿಜಾರಿನಲ್ಲಿ ಪ್ರತಿ ಪಾಳಿಗೆ ಎಷ್ಟು ಟನ್ ಅದಿರನ್ನು ಎಷ್ಟು ಮೀಟರ್ ಎತ್ತುತ್ತದೆ ಎಂದು ಬರೆಸಿಕೊಳ್ಳಿ.

ಪರೀಕ್ಷೆಯ ಕಾಲದಲ್ಲಿ ಪ್ರತಿ ಸುತ್ತಿಗೆ ಹೊತ್ತ ತೂಕ, ಏರುವ ಮುನ್ನ ಮತ್ತು ಏರಿದ ಮೇಲಿನ ಚಾರ್ಜ್ ಮಟ್ಟ, ಇಳಿಯುವಾಗ ಹಿಂದಿರುಗಿದ ಯೂನಿಟ್, ಬ್ಯಾಟರಿಯ ಗರಿಷ್ಠ ಉಷ್ಣತೆ, ಚಾರ್ಜರಿನ ಮುಂದೆ ಕಾದ ನಿಮಿಷ, ಇಷ್ಟನ್ನು ದಾಖಲಿಸಿದರೆ ಸಾಕು. ಕಾಗದದ ಮೇಲೆ ಮೊದಲು ಮಾಡಿದ 37 ಯೂನಿಟ್ಟಿನ ಲೆಕ್ಕಕ್ಕೂ ಟ್ರಕ್ ತೋರಿಸಿದ ಅಂಕಿಗೂ ಶೇಕಡಾ 10ಕ್ಕಿಂತ ಹೆಚ್ಚಿನ ಅಂತರ ಕಂಡರೆ ಎರಡನೆಯ ಟ್ರಕ್ಕಿಗೆ ಆದೇಶ ಕೊಡುವುದನ್ನು ತಡೆಹಿಡಿದು, ದಾರಿಯ ಸ್ಥಿತಿ, ಟೈರಿನ ಗಾಳಿ, ಹೆಚ್ಚು ತುಂಬುವ ಲೋಡರ್ ಚಾಲಕ, ಸಿಲುಕಿಕೊಂಡ ಬ್ರೇಕು ಈ ನಾಲ್ಕನ್ನೂ ಒಂದೊಂದಾಗಿ ಪರೀಕ್ಷಿಸಬೇಕು.